ಬಳಪದ ಕಲ್ಲು

ಕಳೆದ ಶ್ರಾವಣದಲ್ಲಿ ಮಗಳು ನಾಲ್ಕು ದಿನ ಇರುತ್ತೇನೆಂದು ಜೆ.ಪಿ. ನಗರದಿಂದ ನಮ್ಮ ಮನೆಗೆ ಬಂದಿದ್ದಳು. ಅವಳಿಗೆ ಆಗ ಐದು ತಿಂಗಳು, ಚೊಚ್ಚಲು. ಎರಡನೇ ದಿನ ಮಧ್ಯಾಹ್ನ ಅವಳ ಹೆಸರಿಗೆ ಒಂದು ಪಾರ್ಸಲ್ ಬಂತು. ಈಗಿನ ಮಕ್ಕಳಿಗೆ ದಿನಕ್ಕೊಂದು ಪಾರ್ಸಲ್ ಬರುವುದು ಹೊಸದೇನಲ್ಲ. ನಾನೇ ತೆಗೆದುಕೊಂಡು ಮೇಜಿನ ಮೇಲಿಡಲು ಹೋದೆ. ಒಳಗಿನಿಂದ ಕಡ್ಡಿಗಳು ಒಂದಕ್ಕೊಂದು ತಾಗಿದ ಸದ್ದು ಬಂತು. ಅದು ನನಗೆ ಚೆನ್ನಾಗಿ ಗುರುತಿರುವ ಸದ್ದು. ಮೂವತ್ತು ವರ್ಷ ತರಗತಿಯಲ್ಲಿ ನಿಂತವಳಿಗೆ ಅದು ಗೊತ್ತಾಗದೆ ಇದ್ದೀತೇ?

"ಏನೇ ಇದು?" ಎಂದೆ.

"ಬಳಪ ಅಮ್ಮ" ಎಂದಳು, ತಲೆ ತಗ್ಗಿಸಿ. "ತಿನ್ನಬೇಕು ಅನ್ನಿಸುತ್ತೆ. ರಾತ್ರಿ ನಿದ್ದೆಯಲ್ಲೂ ಅದೇ ವಾಸನೆ ಬಂದ ಹಾಗೆ ಆಗುತ್ತೆ."

ಎಂ.ಬಿ.ಎ. ಓದಿದ ಹುಡುಗಿ, ಕಂಪನಿಯಲ್ಲಿ ಹತ್ತಾರು ಜನರಿಗೆ ಕೆಲಸ ಹೇಳುವವಳು, ಕದ್ದು ಬಳಪ ತಿನ್ನುತ್ತಿದ್ದಾಳೆ. ಬೈಯಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡೆ. ಇದೇ ವಿಷಯಕ್ಕೆ ನಾನು ಹಿಂದೊಮ್ಮೆ ಬಾಯಿ ತೆರೆದು ತಪ್ಪು ಮಾಡಿದ್ದೆ. ಆ ಕಥೆಯನ್ನು ಹೇಳಬೇಕಾದರೆ ಮೊದಲು ಬಳಪದ ಕಥೆಯನ್ನೇ ಹೇಳಬೇಕು.

ನಮ್ಮ ವಯಸ್ಸಿನವರೆಲ್ಲ ಸ್ಲೇಟು ಬಳಪದಲ್ಲೇ ಅಕ್ಷರ ಕಲಿತವರು. ಹಾಸನ ಜಿಲ್ಲೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಬಳಪ ಅಂದರೆ ನಮಗೆ ಹಣವಿದ್ದ ಹಾಗೆ. ತುಂಡು ಬಳಪ ಕೊಟ್ಟು ಹುಣಸೆಕಾಯಿ ತೆಗೆದುಕೊಳ್ಳುತ್ತಿದ್ದೆವು, ನೆಲ್ಲಿಕಾಯಿ ಕೊಟ್ಟು ಬಳಪ ತೆಗೆದುಕೊಳ್ಳುತ್ತಿದ್ದೆವು. ಎಂಜಲು ಹಚ್ಚಿ ಸ್ಲೇಟು ಒರೆಸಿದರೆ ಸರಸ್ವತಿಗೆ ಕೋಪ ಬರುತ್ತದೆಂದು ಮೇಷ್ಟ್ರು ಹೆದರಿಸುತ್ತಿದ್ದರು. ಆದರೂ ಒರೆಸುತ್ತಿದ್ದೆವು. ಒದ್ದೆ ಸ್ಲೇಟಿನಿಂದ ಒಂದು ವಾಸನೆ ಬರುತ್ತಿತ್ತು. ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಏಳುವ ವಾಸನೆಯ ತಂಗಿ ಎನ್ನಬಹುದು. ನಮ್ಮಲ್ಲಿ ಯಾರು ಬಳಪ ಕಚ್ಚಿ ನೋಡಿರಲಿಲ್ಲ? ನಾನೂ ನೋಡಿದ್ದೇನೆ.

ಈಗ ಅಂಗಡಿಯಲ್ಲಿ ಸಿಗುವುದರಲ್ಲಿ ಎಲ್ಲವೂ ಕಲ್ಲಿನದಲ್ಲ. ಸುಣ್ಣದ್ದು, ಜೇಡಿಯದ್ದು, ಮತ್ತೇನೇನೋ ಪುಡಿ ಕಲಸಿ ಒತ್ತಿದ್ದು ಎಲ್ಲಕ್ಕೂ ಬಳಪವೆಂದೇ ಹೆಸರು. ಆದರೆ ಕನ್ನಡದಲ್ಲಿ ಬಳಪ ಎಂದರೆ ಮೂಲದಲ್ಲಿ ಒಂದು ಕಲ್ಲು. ಉಗುರಿನಿಂದ ಗೀರಿದರೂ ಗೆರೆ ಬೀಳುವಷ್ಟು ಮೆತ್ತನೆಯ, ಮುಟ್ಟಿದರೆ ಸಾಬೂನಿನ ಹಾಗೆ ಜಾರುವ ಕಲ್ಲು. ಇಂಗ್ಲಿಷಿನವರು ಅದನ್ನು ಸೋಪ್‌ಸ್ಟೋನ್ ಎಂದು ಕರೆದದ್ದು ಆ ಜಾರುವಿಕೆಗೇ. ಅದರೊಳಗಿನ ಮುಖ್ಯ ಖನಿಜ ಟಾಲ್ಕ್. ನಾವು ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದ ಟಾಲ್ಕಂ ಪೌಡರ್ ಅದೇ ಟಾಲ್ಕಿನ ಪುಡಿ. ಖನಿಜಗಳ ಗಟ್ಟಿತನವನ್ನು ಅಳೆಯಲು ಮೋಸ್ ಎಂಬ ಜರ್ಮನ್ ವಿಜ್ಞಾನಿ 1ರಿಂದ 10ರವರೆಗೆ ಮಾಡಿದ ಪಟ್ಟಿಯಲ್ಲಿ 10 ವಜ್ರ, 1 ಟಾಲ್ಕ್. ನಮ್ಮ ಉಗುರು ಸುಮಾರು ಎರಡೂವರೆ. ಹೆಂಗಸರ ಉಗುರಿಗೂ ಸೋಲುವ ಕಲ್ಲು ಇದು.

ಈ ಬಳಪ ಮಕ್ಕಳ ಕೈಗೆ ಬರುವುದಕ್ಕೆ ಮುಂಚೆ ದೊಡ್ಡವರ ಕೈಯಲ್ಲಿತ್ತು. ಸರ್ಕಾರಿ ಕಚೇರಿಗೆ ಹೋದರೆ "ನಿಮ್ಮ ಕಡತ ಸಾಹೇಬರ ಹತ್ತಿರ ಇದೆ" ಎನ್ನುತ್ತಾರಲ್ಲ, ಆ ಕಡತ ಎಂಬ ಪದ ಬಳಪದ ಜೊತೆಗಾರ. ಹಿಂದಿನ ಕಡತ ಕಾಗದದ್ದಲ್ಲ, ಬಟ್ಟೆಯದು. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಯ ಎರಡೂ ಬದಿಗೆ ಬಳಿಯುತ್ತಿದ್ದರು. ಒಣಗಿದ ಮೇಲೆ ಕತ್ತರಿಸದೆ ಹಿಂದಕ್ಕೂ ಮುಂದಕ್ಕೂ ಮಡಿಸಿ ಪುಸ್ತಕದ ಹಾಗೆ ಮಾಡುತ್ತಿದ್ದರು. ಆ ಕಪ್ಪು ಬಟ್ಟೆಯ ಮೇಲೆ ಬಳಪದ ಕಡ್ಡಿಯಿಂದ ಬರೆಯುತ್ತಿದ್ದರು. 1803ರಿಂದ 1808ರವರೆಗೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ 1810ರಲ್ಲಿ ಹೊರತಂದ ತನ್ನ ಚರಿತ್ರೆಯ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದಿದ್ದಾನೆ. ಬಟ್ಟೆ ಹನ್ನೆರಡರಿಂದ ಹದಿನೆಂಟು ಅಡಿ ಉದ್ದವಿರುತ್ತಿತ್ತಂತೆ, ತುದಿಗಳಿಗೆ ಬಣ್ಣದ ಮರದ ಹಲಗೆ. ಮೈಸೂರಿನ ವರ್ತಕರೆಲ್ಲ ಅದರಲ್ಲೇ ಲೆಕ್ಕ ಇಡುತ್ತಿದ್ದರಂತೆ. ಸಾಕ್ಷಿ ಸಮೇತ ಬರೆದ ಸಾಲದ ಪತ್ರವನ್ನೂ ಕಡತದಲ್ಲಿ ನೋಡಿದ್ದೇನೆ, ಅದನ್ನು ನ್ಯಾಯ ವಿಚಾರಣೆಯಲ್ಲಿ ಪುರಾವೆಯಾಗಿ ಒಪ್ಪಿದ್ದಾರೆ ಎನ್ನುತ್ತಾನೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗಿಬಿಡುವ ಬರಹವನ್ನು ನಂಬಿ ಜನ ಸಾಲ ಕೊಡುತ್ತಿದ್ದ ಕಾಲ! ಈಗ ಛಾಪಾ ಕಾಗದದ ಮೇಲೆ ಬರೆದುಕೊಟ್ಟರೂ ನಂಬುವವರಿಲ್ಲ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ರಾಶಿಯಾಗಿ ಉಳಿದುಕೊಂಡಿವೆ, ಮೈಸೂರು ಸೀಮೆಯ ಚರಿತ್ರೆ ಬರೆಯುವವರು ಅವುಗಳನ್ನು ಓದುತ್ತಾರೆ.

ಇನ್ನು ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

1998ರಲ್ಲಿ ನಾನು ಜಯನಗರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಏಳನೇ ತರಗತಿಗೆ ಸಮಾಜ ಪಾಠ ಮಾಡುತ್ತಿದ್ದೆ. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು, ಶಿಸ್ತಿನ ಹುಚ್ಚು ಇನ್ನೂ ಇಳಿದಿರಲಿಲ್ಲ. ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ತಾಯಿ ನಾಲ್ಕಾರು ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಸಣಕಲು, ಬಿಳಿಚಿದ ಮುಖ, ಮಧ್ಯಾಹ್ನವಾದರೆ ಡೆಸ್ಕಿನ ಮೇಲೆ ತಲೆಯಿಡುವ ಅಭ್ಯಾಸ. ಏಳನೆಯವರಿಗೆ ಸ್ಲೇಟಿನ ಕೆಲಸವಿಲ್ಲ, ಆದರೂ ಇವಳ ಲಂಗದ ಜೇಬಿನಲ್ಲಿ ಯಾವಾಗಲೂ ಬಳಪ. ಪಾಠದ ನಡುವೆ ಕಟಂ ಎಂದು ಸದ್ದು ಬಂದರೆ ಎಲ್ಲರೂ ಅವಳ ಕಡೆ ತಿರುಗಿ ನಗುತ್ತಿದ್ದರು. ನಾನು ಎರಡು ಸಲ ಎಚ್ಚರಿಕೆ ಕೊಟ್ಟೆ. ಮೂರನೇ ಸಲ ಜೇಬು ಖಾಲಿ ಮಾಡಿಸಿ ಬಾಗಿಲಾಚೆ ನಿಲ್ಲಿಸಿದೆ.

ಆ ವರ್ಷ ನವೆಂಬರಿನಲ್ಲಿ ಮಕ್ಕಳನ್ನು ಬೇಲೂರು ಹಳೇಬೀಡಿಗೆ ಪ್ರವಾಸ ಕರೆದುಕೊಂಡು ಹೋದೆವು. ಯಾವುದೋ ಚಂಡಮಾರುತದ ಜಿಟಿಜಿಟಿ ಮಳೆ. ಹಳೇಬೀಡು ತಲುಪುವ ಹೊತ್ತಿಗೆ ಹೊಯ್ಸಳೇಶ್ವರನ ಗೋಡೆಗಳೆಲ್ಲ ನೆಂದು ಕಪ್ಪಗೆ ಹೊಳೆಯುತ್ತಿದ್ದವು. ನಾನು ಕೊಡೆ ಹಿಡಿದು ಉತ್ಸಾಹದಿಂದ ಹೇಳುತ್ತಿದ್ದೆ. "ನೋಡಿ ಮಕ್ಕಳೇ, ಕಬ್ಬಿಣದಂಥ ಕಲ್ಲನ್ನು ನಮ್ಮ ಶಿಲ್ಪಿಗಳು ಬೆಣ್ಣೆಯ ಹಾಗೆ ಕೆತ್ತಿದ್ದಾರೆ." ಆಗ ಆ ಹುಡುಗಿ ಗೋಡೆಗೆ ಮೂಗು ತಾಗಿಸಿ ನಿಂತವಳು ತಿರುಗಿ, "ಮಿಸ್, ಇದು ಬಳಪ. ಬಳಪದ್ದೇ ವಾಸನೆ" ಎಂದಳು.

ಇಡೀ ತರಗತಿ ಗೊಳ್ಳೆಂದಿತು. ನನಗೆ ಸಿಟ್ಟು ಬಂತು. "ದೇವಸ್ಥಾನಕ್ಕೆ ಬಂದರೂ ತಿನ್ನೋದರ ಮೇಲೇ ಧ್ಯಾನ ನಿನಗೆ. ಇನ್ನು ಇದನ್ನೂ ತಿಂದುಬಿಡು" ಎಂದೆ. ಮಕ್ಕಳು ಇನ್ನಷ್ಟು ನಕ್ಕರು. ಬೆಂಗಳೂರು ತಲುಪುವವರೆಗೂ ಅವಳನ್ನು ಹಾಗೇ ಕರೆದರು, "ಹಳೇಬೀಡು ತಿನ್ನೋಳು" ಅಂತ.

ಇಲ್ಲಿ ನಾಚಿಕೆಯ ಸಂಗತಿಯೆಂದರೆ, ಅವಳು ಹೇಳಿದ್ದು ನನ್ನ ನೋಟ್ಸಿನಲ್ಲೇ ಇತ್ತು. "ಹೊಯ್ಸಳರ ದೇವಾಲಯಗಳನ್ನು ಬಳಪದ ಕಲ್ಲಿನಿಂದ ಕಟ್ಟಲಾಗಿದೆ." ಒಂದು ಅಂಕದ ಉತ್ತರ, ನಾನೇ ಬರೆಸಿದ್ದು. ವರ್ಷವರ್ಷವೂ ಬರೆಸಿದವಳಿಗೆ ಬಳಪದ ಕಲ್ಲು ಎಂದರೆ ಬಳಪದ ಕಲ್ಲೇ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಆ ಎರಡನ್ನೂ ಸೇರಿಸಿ ನೋಡಿದ್ದು ಅವಳೊಬ್ಬಳೇ, ಅದೂ ಮೂಗಿನಿಂದ.

ಮುಂದಿನ ಜನವರಿಯಲ್ಲಿ ಬೆಳಗಿನ ಪ್ರಾರ್ಥನೆಗೆ ನಿಂತಿದ್ದಾಗ ಅವಳು ಕುಸಿದು ಬಿದ್ದಳು. ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ. ವೈದ್ಯರು ಕಣ್ಣಿನ ರೆಪ್ಪೆ ಕೆಳಕ್ಕೆಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲವಲ್ಲ ಎಂದರು. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, "ಇವಳು ಮಣ್ಣು, ಬಳಪ, ಹಸಿ ಅಕ್ಕಿ ಏನಾದರೂ ತಿಂತಾಳಾ?" ಕಬ್ಬಿಣದ ಅಂಶ ಕಡಿಮೆಯಾದ ಎಷ್ಟೋ ಜನರಿಗೆ, ಹೆಚ್ಚಾಗಿ ಬೆಳೆಯುವ ಹುಡುಗಿಯರಿಗೆ ಮತ್ತು ಬಸುರಿಯರಿಗೆ, ಇಂಥ ಚಪಲ ಹತ್ತಿಕೊಳ್ಳುತ್ತದೆಂದು ಅವತ್ತು ತಿಳಿಯಿತು. ನಾನು ಅದನ್ನು ಅಶಿಸ್ತು ಎಂದುಕೊಂಡಿದ್ದೆ. ಮಾತ್ರೆ, ಸೊಪ್ಪು, ಬೆಲ್ಲ ಎಂದು ಅವಳ ತಾಯಿಗೆ ಹೇಳಿ ಕಳಿಸಿದ್ದಾಯಿತು. ಏಳನೆಯದು ಮುಗಿಸಿ ಅವಳು ಬೇರೆ ಕಡೆ ಹೋದಳು. ಹಳೇಬೀಡಿನ ಮಾತಿಗೆ ನಾನು ಅವಳ ಹತ್ತಿರ ತಪ್ಪಾಯಿತು ಎನ್ನಲೇ ಇಲ್ಲ. ಟೀಚರ್ ಆದವಳು ಮಕ್ಕಳ ಹತ್ತಿರ ಹಾಗೆ ಹೇಳಬಹುದು ಎಂಬುದೇ ಆಗ ನನಗೆ ಗೊತ್ತಿರಲಿಲ್ಲ.

ಆಮೇಲೆ ನಾನು ಈ ಕಲ್ಲಿನ ಬೆನ್ನು ಹತ್ತಿದೆ. ಪ್ರಾಯಶ್ಚಿತ್ತವೆಂದರೆ ದೊಡ್ಡ ಮಾತಾಯಿತು, ಕುತೂಹಲವೆನ್ನೋಣ.

ನಮ್ಮ ಬೆಂಗಳೂರಿನ ಕಲ್ಲು ಬೇರೆ. ಲಾಲ್‌ಬಾಗಿನ ಬಂಡೆಯನ್ನು ನೋಡಿ, ಅದು ಸುಮಾರು ಮುನ್ನೂರು ಕೋಟಿ ವರ್ಷ ಹಳೆಯ ನೈಸ್ ಶಿಲೆ. ನಮ್ಮ ಮನೆಗಳ ಚಪ್ಪಡಿ, ಒರಳು, ಬಟ್ಟೆ ಒಗೆಯುವ ಕಲ್ಲು ಎಲ್ಲ ಆ ಜಾತಿಯವು, ಉಳಿಯನ್ನೇ ಮೊಂಡಾಗಿಸುವಂಥವು. ಉತ್ತರದಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲಿ ಚಾಲುಕ್ಯರಿಗೆ ಸಿಕ್ಕಿದ್ದು ಕೆಂಪು ಮರಳುಗಲ್ಲು. ಮುಂದೆ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಗದಗ, ಲಕ್ಕುಂಡಿಯ ಕಡೆ ಶಿಲ್ಪಿಗಳು ಹಸಿರು ಛಾಯೆಯ ಮೆತ್ತನೆಯ ಕಲ್ಲಿಗೆ ಕೈ ಹಾಕಿದರು. ಅದೇ ಬಳಪದ ಕಲ್ಲು. ಟಾಲ್ಕಿನ ಜೊತೆ ಕ್ಲೋರೈಟ್ ಎಂಬ ಹಸಿರು ಖನಿಜ ಸೇರಿರುವುದರಿಂದ ಭೂಗರ್ಭ ಶಾಸ್ತ್ರದವರು ಕ್ಲೋರೈಟ್ ಶಿಸ್ಟ್ ಎಂದೂ ಕರೆಯುತ್ತಾರೆ.

ಲಕ್ಕುಂಡಿ ಎಂದ ಮೇಲೆ ಅತ್ತಿಮಬ್ಬೆಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಅಲ್ಲಿನ ಬ್ರಹ್ಮ ಜಿನಾಲಯವನ್ನು 1007ರ ಸುಮಾರಿಗೆ ಕಟ್ಟಿಸಿದವಳು ಅವಳು. ಚಿಕ್ಕ ವಯಸ್ಸಿಗೆ ಗಂಡ ನಾಗದೇವನನ್ನು ಕಳೆದುಕೊಂಡವಳು. ಪೊನ್ನನ ಶಾಂತಿಪುರಾಣವನ್ನು ತಾಳೆಗರಿಯಲ್ಲಿ 1000 ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರ ಬರುವುದಕ್ಕೆ ನಾಲ್ಕೂವರೆ ಶತಮಾನ ಮುಂಚೆ! ರನ್ನನಿಗೆ ಆಶ್ರಯ ಕೊಟ್ಟವಳೂ ಅವಳೇ. ಈಗ ಪ್ರಕಾಶಕರು ಮುನ್ನೂರು ಪ್ರತಿ ಹಾಕಲು ಹಿಂದೆಮುಂದೆ ನೋಡುತ್ತಾರೆ. ಸಮಾಜ ಪಾಠದಲ್ಲಿ ಅವಳಿಗೆ ಸಿಕ್ಕಿದ್ದು ಅರ್ಧ ಸಾಲು.

ಅಲ್ಲಿಂದ ನೂರು ವರ್ಷದಲ್ಲಿ ಇಟಗಿಯ ಮಹಾದೇವ ದೇವಾಲಯ ಎದ್ದಿತು. ಅದು 1112ರದು, ಅದರ ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಎಂದು ಹೊಗಳಿದೆ. ಐದು ವರ್ಷಕ್ಕೆ, 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ. ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿ ರಾಣಿ ಶಾಂತಲೆಯದು. 1121ರಲ್ಲಿ ಹಳೇಬೀಡಿನ ಕೆಲಸ ಶುರುವಾಯಿತು. 1258ರಲ್ಲಿ ಸೋಮನಾಥಪುರ. ಈ ಮೂರು ದೇವಾಲಯಗಳನ್ನು 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಕಲ್ಲು ಮೆತ್ತಗಿದ್ದರೆ ಏನೇನು ಸಾಧ್ಯ ಎಂಬುದನ್ನು ಈ ಗುಡಿಗಳಲ್ಲಿ ನೋಡಬೇಕು. ಬೇಲೂರಿನ ಮದನಿಕೆಯರ ಬಳೆ ಕೈಗೆ ಅಂಟಿಕೊಂಡಿಲ್ಲ, ಸಡಿಲವಾಗಿ ನೇತಾಡುವಂತಿದೆ. ಒಳಗಿನ ಕಂಬಗಳನ್ನು ತಿರುಗಣೆಗೆ ಹಾಕಿ ತಿರುಗಿಸಿ, ಬಡಗಿಯು ತೊಟ್ಟಿಲ ಕಾಲು ಮಾಡುವ ಹಾಗೆ, ಉಂಗುರ ಉಂಗುರವಾಗಿ ಕಡೆದಿದ್ದಾರೆ. ಗ್ರಾನೈಟಿನಲ್ಲಿ ಇದು ಎಲ್ಲಿ ಆದೀತು? ಶ್ರವಣಬೆಳಗೊಳದ ಗೊಮ್ಮಟ ಗ್ರಾನೈಟಿನವನು, ಅಲ್ಲಿರುವುದು ವಿಶಾಲವಾದ ನುಣುಪು ಮೈ. ಹೊಯ್ಸಳರ ಸೂಕ್ಷ್ಮ ಕುಸುರಿಗೆ ಅರ್ಧ ಕಾರಣ ಕೈಯಾದರೆ ಇನ್ನರ್ಧ ಕಾರಣ ಕಲ್ಲು. ಹೊಸದಾಗಿ ತೆಗೆದಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಬರಬರುತ್ತಾ ಬಲಿಯುತ್ತದೆ ಎಂದು ಶಿಲ್ಪಿಗಳು ಹೇಳುತ್ತಾರೆ. "ಕಬ್ಬಿಣದಂಥ ಕಲ್ಲು" ಎಂದು ನಾನು ಮಕ್ಕಳಿಗೆ ಹೇಳಿದ್ದು ಶಿಲ್ಪಿಗಳನ್ನು ಹೊಗಳುವ ಆಸೆಯಿಂದ. ನಿಜ ಹೇಳಿದ್ದರೆ ಅವರು ಇನ್ನೂ ದೊಡ್ಡವರಾಗಿ ಕಾಣುತ್ತಿದ್ದರು. ಯಾವ ಕೆಲಸಕ್ಕೆ ಯಾವ ಕಲ್ಲು ಎಂದು ತಿಳಿದ ಬುದ್ಧಿವಂತಿಕೆ ಅವರದು.

ಇನ್ನೊಂದು ನನಗೆ ತುಂಬ ಹಿಡಿಸಿದ್ದು. ಹೊಯ್ಸಳ ಶಿಲ್ಪಿಗಳು ಹೆಸರು ಬರೆದಿಟ್ಟರು. ಬೇಲೂರಿನ ಮದನಿಕೆಗಳ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಇವರ ಹೆಸರಿದೆ. ನುಗ್ಗೇಹಳ್ಳಿಯ 1246ರ ಗುಡಿಯಲ್ಲಿ ಒಂದು ಬದಿ ಮಲ್ಲಿತಮ್ಮನದು, ಇನ್ನೊಂದು ಬದಿ ನಂದಿಯ ಬೈಚೋಜನದು. ಇಬ್ಬರೂ ಪಂದ್ಯಕ್ಕೆ ಬಿದ್ದ ಹಾಗೆ ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಹತ್ತಾರು ಕಡೆ ಸಿಗುತ್ತದೆ. ಹಂಪಿಯಲ್ಲಿ 1980ರ ದಶಕದಲ್ಲಿ ಅಗೆದು ತೆಗೆದ ಮೆಟ್ಟಿಲ ಪುಷ್ಕರಣಿಯನ್ನು ನೋಡಿದ್ದೀರಲ್ಲ? ಸುತ್ತಲೂ ಗ್ರಾನೈಟ್ ಬೆಟ್ಟಗಳ ರಾಶಿಯಿರುವ ಊರಿನಲ್ಲಿ ಅದು ಕಪ್ಪು ಶಿಸ್ಟ್ ಕಲ್ಲಿನದು. ಅದರ ಕಲ್ಲುಗಳ ಮೇಲೂ ಬರಹವಿದೆ. ಆದರೆ ಅಲ್ಲಿರುವುದು ಹೆಸರಲ್ಲ, ಯಾವ ದಿಕ್ಕು, ಯಾವ ಸಾಲು ಎಂಬ ಗುರುತು. ಬೇರೆಲ್ಲೋ ಕೆತ್ತಿ ತಂದು ಜೋಡಿಸಲು ಮಾಡಿಕೊಂಡ ಲೆಕ್ಕ.

ಹೆಸರಿನ ಮಾತು ಬಂದಾಗ ದೂರದ ಬ್ರೆಜಿಲ್ ನೆನಪಾಗುತ್ತದೆ. ರಿಯೋ ನಗರದ ಬೆಟ್ಟದ ಮೇಲೆ ಕೈಚಾಚಿ ನಿಂತ ಯೇಸುವಿನ ದೊಡ್ಡ ಮೂರ್ತಿಯ ಚಿತ್ರವನ್ನು ಎಲ್ಲರೂ ನೋಡಿರುತ್ತೇವೆ. 1931ರಲ್ಲಿ ಮುಗಿದದ್ದು, 30 ಮೀಟರ್ ಎತ್ತರ. ಒಳಗೆ ಕಾಂಕ್ರೀಟು, ಮೇಲೆ ಹೊದಿಸಿರುವುದು ಬಳಪದ ಕಲ್ಲಿನ ಸಣ್ಣ ಸಣ್ಣ ತ್ರಿಕೋನ ಬಿಲ್ಲೆಗಳು. ಆ ಬಿಲ್ಲೆಗಳನ್ನು ಬಟ್ಟೆಯ ಪಟ್ಟಿಗಳಿಗೆ ಅಂಟಿಸಿಕೊಟ್ಟವರು ಊರಿನ ಹೆಂಗಸರು. ಅಂಟಿಸುವಾಗ ಕೆಲವರು ಬಿಲ್ಲೆಯ ಹಿಂಬದಿಯಲ್ಲಿ ತಮ್ಮ ಮನೆಯವರ ಹೆಸರು ಬರೆದರಂತೆ. ಯಾರಿಗೂ ಕಾಣದ ಕಡೆ. ಮಲ್ಲಿತಮ್ಮ ಎದುರಿಗೆ ಬರೆದ, ಇವರು ಹಿಂದೆ ಬರೆದರು. ಹೆಂಗಸರ ಬುದ್ಧಿ ಎಲ್ಲಿದ್ದರೂ ಒಂದೇ, ಹೆಸರು ಬರೆಯುವಾಗಲೂ ತಮ್ಮದನ್ನು ಬಿಟ್ಟು ಮನೆಯವರದನ್ನು ಬರೆಯುತ್ತಾರೆ.

ಈಗ ಮತ್ತೆ ಮಗಳ ಪಾರ್ಸಲ್ಲಿಗೆ ಬರುತ್ತೇನೆ. ಬಸುರಿಯ ಬಯಕೆ ಎಂದರೆ ನಮ್ಮಲ್ಲಿ ಹಬ್ಬ. ಮಾವಿನಕಾಯಿ, ಹುಣಸೆಹಣ್ಣು, ಕೆಮ್ಮಣ್ಣು ಬೇಡಿದರೂ ನಗುತ್ತಾ ಕೊಡುವವರಿದ್ದಾರೆ. ನಾನು ಬೈಯಲಿಲ್ಲ, ನಗಲೂ ಇಲ್ಲ. ಅವಳ ರೆಪ್ಪೆ ಎಳೆದು ನೋಡಿದೆ. ಮರುದಿನ ಬೆಳಿಗ್ಗೆಯೇ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದೆ. "ಅಮ್ಮ, ಬಯಕೆಗೆಲ್ಲ ಯಾರಾದರೂ ಲ್ಯಾಬಿಗೆ ಹೋಗ್ತಾರಾ?" ಎಂದು ದಾರಿಯುದ್ದಕ್ಕೂ ಗೊಣಗಿದಳು. ವರದಿ ಬಂತು, ಹಿಮೋಗ್ಲೋಬಿನ್ ಎಂಟಕ್ಕಿಂತ ಸ್ವಲ್ಪ ಮೇಲೆ. ವೈದ್ಯೆ ಬರೆದುಕೊಟ್ಟಿದ್ದ ಕಬ್ಬಿಣದ ಮಾತ್ರೆಯನ್ನು ವಾಕರಿಕೆ ಬರುತ್ತದೆಂದು ಇವಳು ನಿಲ್ಲಿಸಿ ಆರು ವಾರವಾಗಿತ್ತಂತೆ. ಮಾತ್ರೆ ಬದಲಾಯಿಸಿದರು. ಬಳಪ ಬಿಡಬೇಕೆಂದೂ ಖಡಾಖಂಡಿತವಾಗಿ ಹೇಳಿದರು. ಅದರಲ್ಲಿ ಏನೇನು ಬೆರೆತಿದೆಯೋ ಬಲ್ಲವರಾರು!

ಆ ಸಂಜೆ ಅವಳಿಗೆ ಆ ಹುಡುಗಿಯ ಕಥೆ ಹೇಳಿದೆ. ಇಪ್ಪತ್ತೇಳು ವರ್ಷದಿಂದ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಇವರಿಗೂ. ಕೇಳಿದವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳು ಹೇಳಿದ್ದು ಕರೆಕ್ಟು ಅಮ್ಮ. ಒದ್ದೆಯಾದಾಗಲೇ ಆ ವಾಸನೆ ಬರೋದು" ಎಂದಳು. ಆಮೇಲೆ, "ಅಜ್ಜಿ ಗೊಜ್ಜು ಮಾಡ್ತಿದ್ದ ಕಲ್ಲಿನ ಪಾತ್ರೆ ಎಲ್ಲಿ?" ಎಂದು ಕೇಳಿದಳು.

ಅದು ಅಮ್ಮನ ಮರಿಗೆ. ಒಂದೇ ಬಳಪದ ಕಲ್ಲನ್ನು ಕಡೆದು ಮಾಡಿದ್ದು. ಅಮ್ಮ ತೀರಿಕೊಂಡ ಮೇಲೆ ಅಕ್ಕ ತಾಮ್ರದ ಹಂಡೆ ತೆಗೆದುಕೊಂಡಳು, ಅತ್ತಿಗೆ ಬೆಳ್ಳಿ ಪಂಚಪಾತ್ರೆ ಇಟ್ಟುಕೊಂಡಳು, ಯಾರಿಗೂ ಬೇಡವಾದ ಮರಿಗೆ ನನ್ನ ಪಾಲಿಗೆ ಬಂತು. ನಾನೂ ತಂದು ಅಟ್ಟಕ್ಕೇ ಹಾಕಿದ್ದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಬೇಕು, ಇಲ್ಲದಿದ್ದರೆ ಹುಳಿ ಕಿಲುಬುತ್ತದೆ. ಮರಿಗೆಗೆ ಹುಣಸೆಹಣ್ಣು ಏನೂ ಮಾಡದು. ಅದಕ್ಕೇ ಹಿಂದಿನವರು ಉಪ್ಪಿನಕಾಯಿ, ಗೊಜ್ಜು ಎಲ್ಲ ಅದರಲ್ಲೇ ಮಾಡುತ್ತಿದ್ದರು. ಕಾಯಲು ಹೊತ್ತು ಹಿಡಿಯುತ್ತದೆ, ಕಾದರೆ ಬೇಗ ಬಿಡುವುದಿಲ್ಲ. ಒಲೆಯಿಂದ ಇಳಿಸಿದ ಮೇಲೂ ಗೊಜ್ಜು ಕೊತಕೊತ ಎನ್ನುತ್ತಿರುತ್ತದೆ. ಫಿನ್‌ಲೆಂಡಿನವರು ಇದೇ ಗುಣವನ್ನು ನಂಬಿ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಒಲೆಗಳನ್ನು ಈ ಕಲ್ಲಿನಿಂದ ಕಟ್ಟುತ್ತಾರೆ. ಅಮ್ಮ ಅಷ್ಟೆಲ್ಲ ತಿಳಿದವಳಲ್ಲ. "ಇದು ತಾಳ್ಮೆಯ ಪಾತ್ರೆ ಕಣೇ, ಗಡಿಬಿಡಿ ಮಾಡಿದರೆ ಸೀಳುತ್ತೆ" ಎನ್ನುತ್ತಿದ್ದಳು.

ಹತ್ತೊಂಬತ್ತು ವರ್ಷ ಒಲೆ ಕಾಣದ ಮರಿಗೆಯನ್ನು ಒಮ್ಮೆಲೇ ಉರಿಗೆ ಇಡುವಂತಿಲ್ಲ, ಹೊಸದರ ಹಾಗೆಯೇ ಪಳಗಿಸಬೇಕು. ಇವರು ಏಣಿ ಹಾಕಿ ಇಳಿಸಿಕೊಟ್ಟರು. ತೊಳೆದು ಒಣಗಿಸಿ, ಹರಳೆಣ್ಣೆಗೆ ಅರಿಶಿನ ಕಲಸಿ ಒಳಗೂ ಹೊರಗೂ ತಿಕ್ಕಿ ಒಂದು ರಾತ್ರಿ ಬಿಟ್ಟೆ. ಮರುದಿನದಿಂದ ಅಕ್ಕಚ್ಚು ತುಂಬಿಸಿಟ್ಟು ದಿನಾ ಬದಲಾಯಿಸುವುದು. ತೊಳೆಯುವಾಗ ಮಗಳು ಪಕ್ಕದಲ್ಲಿ ನಿಂತು, ತಳವನ್ನು ಉಗುರಿನಿಂದ ಗೀರಿ ನೋಡಿದಳು. ಮಸಿಯ ಅಡಿಯಿಂದ ಬಿಳಿ ಗೆರೆ ಎದ್ದಿತು. ಬಗ್ಗಿ ಮೂಸಿದಳು. ನಾನೂ ಬಗ್ಗಿ ಮೂಸಿದೆ.

ಗೊಜ್ಜು ತಿನ್ನಲು ಮುಂದಿನ ಭಾನುವಾರ ಅಳಿಯನನ್ನೂ ಕರೆದುಕೊಂಡು ಬರುತ್ತೇನೆಂದು ಹೇಳಿ ಹೋದಳು. ಉಳಿದ ಬಳಪದ ಪೊಟ್ಟಣವನ್ನು ನನ್ನ ಕೈಗೇ ಕೊಟ್ಟಳು, ಒಂದು ಕಡ್ಡಿ ಮಾತ್ರ ಕಡಿಮೆಯಿತ್ತು. ನಾನು ಕೇಳಲಿಲ್ಲ. ಮರಿಗೆಯ ಅಕ್ಕಚ್ಚು ಬದಲಾಯಿಸಿ ಬಂದೆ. ಇನ್ನೂ ಮೂರು ದಿನ ನೆನೆಯಬೇಕು.